ಕೂಡುದಾರಿ ಮತ್ತು ಕವಲುದಾರಿ

ಹಲವು ದಾರಿಗಳು ಸಂಧಿಸುವ ಸ್ಥಳಕ್ಕೆ ಸಂಸ್ಕೃತದಲ್ಲಿ ‘ಚತುಷ್ಪಥ’ವೆಂದು ಹೆಸರು. ಅಮರಕೋಶವು ಇದಕ್ಕೆ ‘ಶೃಂಗಾಟಕ’ವೆಂಬ ಪರ್ಯಾಯವನ್ನೂ ಹೇಳುತ್ತದೆ. ಚತುಷ್ಪಥವೆಂಬುದು ದಾರಿಗಳ ಸಂಖ್ಯೆಯನ್ನು ತಿಳಿಸುವ ಶಬ್ದ. ಕನ್ನಡದ ಹೆಸರುಗಳಾದರೋ ನಡೆಯುವವನ ಸ್ಥಿತಿಯನ್ನು ತಿಳಿಸುತ್ತವೆ. ‘ಕೂಡು’ ಎಂಬ ಧಾತುವಿನಿಂದ ಕೂಡುದಾರಿ. ಮರದ ಕೊಂಬೆ ಎರಡಾಗಿ ಒಡೆಯುವ ಎಡೆಯನ್ನು ಸೂಚಿಸುವ ‘ಕವಲು’ ಶಬ್ದದಿಂದ ಕವಲುದಾರಿ. ಒಂದೇ ಸ್ಥಳವು ಬಂದು ಸೇರುವವನಿಗೆ ಕೂಡುದಾರಿ, ಮುಂದೆ ಹೊರಡುವವನಿಗೆ ಕವಲುದಾರಿ.

ಲಕ್ಷ್ಯಾರ್ಥದಲ್ಲಿ ರೂಢಿಯು ಎರಡನೆಯದನ್ನೇ ಹಿಡಿದಿದೆ. ‘ಬಾಳಿನ ಕವಲುದಾರಿ’ ಎಂಬಲ್ಲಿ ಮುಖ್ಯವಾದುದು ಕಷ್ಟವಲ್ಲ, ಆಯ್ಕೆ. ಎರಡು ದಾರಿಗಳೂ ತೆರೆದಿರಬೇಕು; ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು. ಆದುದರಿಂದ ಒದಗಿದ ಸಂಕಟವನ್ನೆಲ್ಲ ಕವಲುದಾರಿಯೆನ್ನುವುದು ಶಬ್ದದ ಅರ್ಥವನ್ನು ಸಡಿಲಿಸಿದಂತೆ. ದಾರಿಯೇ ಮುಚ್ಚಿಹೋದವನು ಕವಲಿನಲ್ಲಿ ನಿಂತಿಲ್ಲ. ‘ಅಡ್ಡದಾರಿ’ ಎಂಬುದೂ ಬೇರೆ. ಅದು ಆಯ್ಕೆಯನ್ನಲ್ಲ, ಆಯ್ದುದರ ದೋಷವನ್ನು ಹೇಳುತ್ತದೆ.

‘ಕೂಡು’ ಧಾತುವಿನ ಲಕ್ಷ್ಯಾರ್ಥಕ್ಕೆ ಕೂಡಲಸಂಗಮವನ್ನು ನೋಡಬೇಕು. ಕೃಷ್ಣಾ ಮಲಪ್ರಭಾ ನದಿಗಳು ಅಲ್ಲಿ ಸೇರುತ್ತವೆ. ಕನ್ನಡದ ‘ಕೂಡಲ’, ಸಂಸ್ಕೃತದ ‘ಸಂಗಮ’ ಎರಡರ ಅರ್ಥವೂ ಒಂದೇ. ಕೂಡಿದ ದಾರಿಗಳು ಮತ್ತೆ ಅಗಲುತ್ತವೆ. ಕೂಡಿದ ನೀರು ಒಂದಾಗಿಯೇ ಹರಿಯುತ್ತದೆ. ಜನಿವಾರದ ಕಟ್ಟನ್ನು ಒಲ್ಲದೆ ಬಸವಣ್ಣನವರು ಮನೆಯನ್ನು ಬಿಟ್ಟರೆಂದು ಪರಂಪರೆ ಹೇಳುತ್ತದೆ. ಅದು ಅವರ ಬಾಳಿನ ಕವಲುದಾರಿ. ಅವರು ಹೋಗಿ ಸೇರಿದುದು ಕೂಡಲಸಂಗಮ. ಅಲ್ಲಿಯ ದೇವರ ಹೆಸರನ್ನೇ ಅವರು ತಮ್ಮ ವಚನಗಳಿಗೆ ಅಂಕಿತವಾಗಿಸಿಕೊಂಡರು.