ಮಿದುಳಿನ ಚಿತ್ರಗಳಲ್ಲಿ ಬಹುಪರೀಕ್ಷೆಯ ಪ್ರಶ್ನೆ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕೂಡುವ ಕಡಲೆಕಾಯಿ ಪರಿಷೆಯನ್ನು ನಮ್ಮ ವಾಚಕರೆಲ್ಲ ಬಲ್ಲರು. ಅಲ್ಲಿನ ಒಂದು ರಾಶಿಯಲ್ಲಿ ಒಂದು ಲಕ್ಷ ಕಾಯಿಗಳಿವೆಯೆಂದೂ ಅವೆಲ್ಲವೂ ಗಟ್ಟಿಕಾಯಿಗಳೇ ಎಂದೂ ಭಾವಿಸೋಣ. ಕಾಯನ್ನು ಅಲುಗಿಸಿ ಜೊಳ್ಳನ್ನು ಆಯುವವನು ನೂರು ಗಟ್ಟಿಕಾಯಿಗಳಲ್ಲಿ ಐದನ್ನು ತಪ್ಪಾಗಿ ಜೊಳ್ಳೆನ್ನುವನಾದರೆ, ಸುಮಾರು 5,000 ಕಾಯಿಗಳು ಹೊರಬೀಳುವುವು. ಜೊಳ್ಳಾದರೋ ಒಂದೂ ಇಲ್ಲ.

ಎಂ.ಆರ್.ಐ. ಯಂತ್ರದಿಂದ ಮಿದುಳಿನ ಚಟುವಟಿಕೆಯನ್ನು ಅರಸುವವರ ಸ್ಥಿತಿಯೂ ಇದೇ. ಮಿದುಳನ್ನು ವಾಕ್ಸೆಲ್‌ಗಳೆಂಬ ಸಣ್ಣ ಘನಖಂಡಗಳಾಗಿ ವಿಭಾಗಿಸಿ, ಒಂದೊಂದರಲ್ಲಿಯೂ ಪ್ರತ್ಯೇಕ ಪರೀಕ್ಷೆ ನಡೆಸುವರು. ಇವುಗಳ ಸಂಖ್ಯೆ ಲಕ್ಷವನ್ನು ಮುಟ್ಟುವುದುಂಟು. ನಮ್ಮ ನಗರದ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಡೆಯುವಂತಹ ಮನೋರೋಗಗಳ ಅಧ್ಯಯನದಲ್ಲಿ, ಆಕಸ್ಮಿಕವಾಗಿ ತೋರಿದ ಕಲೆಯೊಂದನ್ನು ರೋಗದ ನೆಲೆಯೆಂದು ಬಗೆದರೆ ಮುಂದಿನ ಶೋಧವೆಲ್ಲ ದಾರಿ ತಪ್ಪೀತು.

2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿರಿಸಿ, ಅದಕ್ಕೆ ಮನುಷ್ಯರ ಚಿತ್ರಗಳನ್ನು ‘ತೋರಿಸಿದರು’. ತಿದ್ದುಪಡಿಯಿಲ್ಲದ ಗಣನೆಯಲ್ಲಿ ಮೀನಿನ ಮಿದುಳು ‘ಚುರುಕಾಗಿ’ ಕಂಡಿತು. ಬಹುಪರೀಕ್ಷೆಗೆ ತಕ್ಕ ತಿದ್ದುಪಡಿ ಮಾಡಿದೊಡನೆ ಆ ಕಲೆಗಳೆಲ್ಲ ಅಳಿದುವು. ಹಾಸ್ಯವೆನಿಸಿದರೂ ಇದಕ್ಕಿಂತ ಒಳ್ಳೆಯ ಪಾಠವನ್ನು ನಾವು ಕಾಣೆವು.

ಬಾನ್‌ಫೆರೋನಿ ಹೆಸರಿನ ವಿಧಾನವು ತಪ್ಪಿನ ಮಿತಿಯನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸುತ್ತದೆ: 0.05ನ್ನು ಲಕ್ಷದಿಂದ ಭಾಗಿಸಿದರೆ ಇಪ್ಪತ್ತು ಲಕ್ಷದಲ್ಲಿ ಒಂದು. ಇಷ್ಟು ಬಿಗಿಯಾದ ಜರಡಿಯಲ್ಲಿ ನಿಜವಾದ ವ್ಯತ್ಯಾಸಗಳೂ ಕಾಣದೆ ಹೋಗುವುವು. 1995ರಲ್ಲಿ ಬೆಂಜಮಿನಿ ಮತ್ತು ಹಾಕ್‌ಬರ್ಗ್ ಪ್ರಶ್ನೆಯನ್ನೇ ಬದಲಿಸಿದರು. ಒಂದೂ ತಪ್ಪಾಗಬಾರದೆಂಬ ಹಟವನ್ನು ಬಿಟ್ಟು, ಜೊಳ್ಳೆಂದು ಹೊರಗಿಟ್ಟ ಕಾಯಿಗಳಲ್ಲಿ ಗಟ್ಟಿಕಾಯಿಗಳ ಪಾಲು ಸರಾಸರಿಯಲ್ಲಿ ನೂರಕ್ಕೆ ಐದನ್ನು ಮೀರದಿದ್ದರೆ ಸಾಕೆಂದರು. ಇದಕ್ಕಾಗಿ ಪಿ-ಮೌಲ್ಯಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಕ್ರಮಾಂಕವನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿ 0.05ರಿಂದ ಗುಣಿಸಬೇಕು, ತನ್ನ ಗುಣಲಬ್ಧವನ್ನು ಮೀರದ ಪಿ-ಮೌಲ್ಯಗಳಲ್ಲಿ ಕಡೆಯದು ಯಾವುದೋ ಅಲ್ಲಿಯವರೆಗಿನವನ್ನೆಲ್ಲ ಅಂಗೀಕರಿಸಬೇಕು.

ನೆರೆಯ ವಾಕ್ಸೆಲ್‌ಗಳು ಒಂದನ್ನೊಂದು ಹೋಲುವುದರಿಂದ, ಒಂಟಿ ವಾಕ್ಸೆಲ್‌ಗೆ ಬದಲಾಗಿ ಅವುಗಳ ಗುಂಪನ್ನೇ ಪರೀಕ್ಷಿಸುವ ರೂಢಿಯೂ ಬಂದಿದೆ. ಆದರೆ ಈ ಗುಂಪು ವಿಧಾನಗಳಲ್ಲಿ, ನೂರಕ್ಕೆ ಐದಿರಬೇಕಾದ ತಪ್ಪು ಕೆಲವೆಡೆ ಎಪ್ಪತ್ತರವರೆಗೂ ಏರಬಲ್ಲುದೆಂದು 2016ರಲ್ಲಿ ಎಕ್ಲುಂಡ್, ನಿಕಲ್ಸ್, ಕ್ನುಟ್ಸನ್ ಇವರು ತೋರಿಸಿದರು. ರೋಗಿ, ನಿರೋಗಿ ಎಂಬ ಚೀಟಿಗಳನ್ನು ಸಾವಿರಾರು ಸಲ ಅದಲುಬದಲು ಮಾಡಿ, ಪ್ರತಿ ಸಲವೂ ಇಡೀ ಮಿದುಳಿನಲ್ಲಿ ದೊರೆತ ಗರಿಷ್ಠ ಮೌಲ್ಯವನ್ನು ಬರೆದಿಡುವ ಕ್ರಮಪಲ್ಲಟ ವಿಧಾನವು ಹೆಚ್ಚು ನಂಬಿಕೆಗೆ ಅರ್ಹವಾಗಿ ಕಂಡಿತು. ಹೀಗೆ ದೊರೆತ ಗರಿಷ್ಠ ಮೌಲ್ಯಗಳಲ್ಲಿ ನೂರಕ್ಕೆ ತೊಂಬತ್ತೈದನ್ನು ಮೀರಿದ ವ್ಯತ್ಯಾಸಕ್ಕೆ ಮಾತ್ರ ಮನ್ನಣೆ.