ಹುಡುಕುವವರಿಗೆ ಸಿಗುವಂತೆ ಬರೆಯಿರಿ

ಮುಂಗಾರು ಹತ್ತಿರವಾದ ಹಾಗೆ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಚಿಂತೆ ಶುರುವಾಗುತ್ತದೆ. ಪೇಟೆಯ ಕೆಲಸ ಬಿಟ್ಟು ಹೊಸದಾಗಿ ತೋಟಕ್ಕಿಳಿದ ಹುಡುಗನೊಬ್ಬ ಈ ರೋಗ ತಡೆಯಲು ಸಿಂಪಡಿಸುವ ‘ಬೋರ್ಡೋ ದ್ರಾವಣ ಮಾಡುವುದು ಹೇಗೆ’ ಎಂದು ಮೊಬೈಲಿನಲ್ಲಿ ಕನ್ನಡದಲ್ಲೇ ಹುಡುಕುತ್ತಾನೆ ಅಂದುಕೊಳ್ಳಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತವನ್ನು 50 ಲೀಟರಿನಲ್ಲಿ ಕರಗಿಸಬೇಕು, ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕಲಸಿ ಸೋಸಬೇಕು, ಆಮೇಲೆ ಎರಡನ್ನೂ ಕೂಡಿಸಬೇಕು. ಕಬ್ಬಿಣದ ಪಾತ್ರೆ ಬಳಸಬಾರದು. ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ನೀರು ಹಾಕಬೇಕು.

ಇಷ್ಟನ್ನು ತೋಟಗಾರಿಕೆ ಇಲಾಖೆಯ ಕರಪತ್ರವೂ ಹೇಳುತ್ತದೆ. ಹೇಳದೇ ಇರುವುದು ಬೇರೆ ಇದೆ. ಸಾಗರದ ಕಡೆಯ ಒಬ್ಬ ಕೃಷಿಕ ಮೊದಲ ಸಿಂಪರಣೆಯನ್ನು ಯಾವ ತಾರೀಖಿಗೆ ಮುಗಿಸಿದ, ಆ ವರ್ಷ ಮಳೆ ಎಷ್ಟು ದಿನ ಬಿಡದೆ ಹೊಡೆಯಿತು, ತೋಟದ ಯಾವ ಮೂಲೆಯಲ್ಲಿ ಮೊದಲು ಕಾಯಿ ಉದುರಿತು, ಎರಡನೇ ಔಷಧಿಗೆ ಹೊಳವಾಗುವುದನ್ನು ಕಾಯುತ್ತ ತಡವಾದದ್ದಕ್ಕೆ ತೆತ್ತ ಬೆಲೆಯೇನು, ಪಕ್ಕದ ತೋಟದವರು ಮಳೆ ತಾಗದಂತೆ ಗೊನೆಗಳಿಗೆ ಕೊಟ್ಟೆ ಕಟ್ಟಿದ್ದರೆ ಅವುಗಳ ಗತಿ ಏನಾಯಿತು? ಇದೆಲ್ಲ ಇರುವುದು ಆ ಕೃಷಿಕನ ತಲೆಯಲ್ಲಿ, ಹೆಚ್ಚೆಂದರೆ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ. ಹುಡುಗನಿಗೆ ನಿಜಕ್ಕೂ ಬೇಕಾಗಿರುವುದೂ ಅದೇ.

‘ಬ್ಲಾಗ್ ಶುರು ಮಾಡಬೇಕು ಅಂತಿದ್ದೇನೆ, ಯಾವ ವಿಷಯ ಬರೆಯಲಿ?’ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಕೈಯಿಂದ ಹಾದುಹೋದದ್ದನ್ನು ಬರೆಯಿರಿ. ನೀವು ಮಾಡಿದ್ದು, ನೋಡಿದ್ದು, ಅಳೆದದ್ದು, ಕೇಳಿ ಖಚಿತಪಡಿಸಿಕೊಂಡದ್ದು. ವಿಷಯ ಸಣ್ಣದಾದಷ್ಟೂ ಒಳ್ಳೆಯದು. ‘ಕೃಷಿ’ ಎಂಬ ಬ್ಲಾಗಿಗಿಂತ ಒಂದೇ ತೋಟದ ಮೂರು ವರ್ಷದ ದಿನಚರಿ ಹೆಚ್ಚು ಜನರಿಗೆ ಉಪಯೋಗ. ‘ಪ್ರವಾಸ’ ಎಂಬ ಬ್ಲಾಗಿಗಿಂತ ನಿಮ್ಮ ತಾಲ್ಲೂಕಿನ ವೀರಗಲ್ಲುಗಳು ಎಲ್ಲೆಲ್ಲಿವೆ, ಯಾವುದು ಕೆರೆಯ ಏರಿಯ ಮೇಲಿದೆ, ಯಾವುದು ರಸ್ತೆ ಅಗಲ ಮಾಡುವಾಗ ಜಾಗ ಬದಲಿಸಿತು ಎಂದು ಒಂದೊಂದಾಗಿ ದಾಖಲಿಸುವ ಬ್ಲಾಗು ಮುಂದೆ ಸಂಶೋಧಕರಿಗೂ ಬೇಕಾಗುತ್ತದೆ.

ಈ ಮಾತಿಗೆ ನಮ್ಮಲ್ಲೇ ಗಟ್ಟಿ ಪುರಾವೆಯಿದೆ, ಅದೂ ಇಂಟರ್ನೆಟ್ ಬರುವುದಕ್ಕೆ ಮೊದಲಿನದು. ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ಯನ್ನು ಕಟ್ಟಿದ ಶ್ರೀಪಡ್ರೆ ಮತ್ತು ಗೆಳೆಯರು ‘ಕೃಷಿಕರ ಕೈಗೆ ಲೇಖನಿ’ ಎಂದು ಹೇಳಿ ಬೆಳೆಗಾರರಿಂದಲೇ ಬರೆಸಿದರು, ಅದಕ್ಕಾಗಿ ಶಿಬಿರಗಳನ್ನು ಮಾಡಿದರು. ತೋಟದಲ್ಲಿ ದುಡಿಯುವವರು ತಾವು ಮಾಡಿ ನೋಡಿದ್ದನ್ನು ಸರಳವಾಗಿ, ಲೆಕ್ಕ ಸಮೇತ ಬರೆದರು. ಅದನ್ನು ಓದಿ ಇನ್ನೊಬ್ಬರು ಮಾಡಿ ನೋಡಿದರು. ಹೆಸರಾಂತ ಲೇಖಕರು ಯಾರೂ ಕೊಡಲಾಗದ್ದನ್ನು ಈ ಬರಹಗಳು ಕೊಟ್ಟವು. ಕನ್ನಡದಲ್ಲಿ ಬ್ಲಾಗ್ ಬರೆಯಲು ಹೊರಟವರು ಈ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಒಮ್ಮೆ ತಿರುವಿಹಾಕಬೇಕು. ಅಡಿಕೆಯ ಗೊಡವೆ ನಿಮಗಿಲ್ಲದಿದ್ದರೂ ಸರಿ, ಅನುಭವವನ್ನು ಇನ್ನೊಬ್ಬರ ಉಪಯೋಗಕ್ಕೆ ಬರುವಂತೆ ಬರೆಯುವುದು ಹೇಗೆಂದು ಅಲ್ಲಿ ಗೊತ್ತಾಗುತ್ತದೆ.

‘ಇದನ್ನೆಲ್ಲ ಫೇಸ್‌ಬುಕ್‌ನಲ್ಲೇ ಬರೆಯಬಹುದಲ್ಲ?’ ಎಂಬ ಪ್ರಶ್ನೆ ಸಹಜ. ಬರೆಯಬಹುದು, ಬರೆದ ದಿನ ಇನ್ನೂರು ಮೆಚ್ಚುಗೆಯೂ ಬರಬಹುದು. ಆದರೆ ಎರಡು ವರ್ಷದ ನಂತರ ಅದೇ ಬರಹವನ್ನು ನೀವೇ ಹುಡುಕಿ ತೆಗೆಯಲು ನೋಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಿದ್ದಂತೂ ವಾರದೊಳಗೆ ಸುಪ್ರಭಾತ ಸಂದೇಶಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ಇವತ್ತಿನ ಮಾತುಕತೆಗೆ ಆ ಜಾಗಗಳು ಚೆನ್ನಾಗಿವೆ. ಅಪರಿಚಿತನೊಬ್ಬ ಎಂದೋ ಒಂದು ದಿನ ಹುಡುಕಿಕೊಂಡು ಬಂದಾಗ ಸಿಗಬೇಕಾದ ಬರಹಕ್ಕೆ ಅದರದೇ ಆದ, ಬದಲಾಗದ ವಿಳಾಸ ಬೇಕು. ಬ್ಲಾಗಿನ ದೊಡ್ಡ ಗುಣ ಇದೇ. ಪ್ರತಿ ಬರಹಕ್ಕೂ ಒಂದು ಕೊಂಡಿ, ಒಂದು ತಾರೀಖು, ಲಾಗಿನ್ ಕೇಳದೆ ಯಾರು ಬೇಕಾದರೂ ತೆರೆಯಬಹುದಾದ ಬಾಗಿಲು.

ಇನ್ನೊಬ್ಬರ ಜಾಗದಲ್ಲಿ ಬರೆದಿಟ್ಟದ್ದು ಎಷ್ಟು ದಿನ ಉಳಿಯುತ್ತದೆ ಎಂಬುದೂ ಯೋಚಿಸಬೇಕಾದ ವಿಷಯ. ಜನ ಉಚಿತವಾಗಿ ಜಾಲಪುಟ ಕಟ್ಟುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ನಮ್ಮ ಒಂದು ಇಡೀ ತಲೆಮಾರು ಗೆಳೆತನ ಮಾಡಿದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಹೋಯಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಬೆಂಗಳೂರಿನಲ್ಲಿ ಹುಟ್ಟಿ, ಕನ್ನಡದಿಂದಲೇ ಶುರುವಾದ ‘ಕೂ’ ಎಂಬ ಸಾಮಾಜಿಕ ಜಾಲತಾಣ 2020ರಲ್ಲಿ ಬಂದು 2024ರ ಜುಲೈನಲ್ಲಿ ಸೇವೆ ನಿಲ್ಲಿಸಿತು. ಅಲ್ಲಿ ಪ್ರೀತಿಯಿಂದ ಕನ್ನಡ ಬರೆದ ಎಷ್ಟೋ ಜನರಿದ್ದರು.

ಹಾಗಾಗಿ ಸಾಧ್ಯವಾದರೆ ನಿಮ್ಮದೇ ಡೊಮೈನ್ ಹೆಸರು ಕೊಳ್ಳಿ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು. ಮೊದಲ ವರ್ಷದ ರಿಯಾಯಿತಿ ದರ ನೋಡಿ ಮೋಸಹೋಗದೆ ನವೀಕರಣದ ದರ ಎಷ್ಟೆಂದು ನೋಡಿಕೊಳ್ಳಿ. ಬ್ಲಾಗನ್ನು ನಾಳೆ ಬೇರೆ ಕಂಪನಿಗೆ ಸ್ಥಳಾಂತರಿಸಿದರೂ ವಿಳಾಸ ನಿಮ್ಮದೇ ಆಗಿರುತ್ತದೆ, ಹಳೆಯ ಕೊಂಡಿಗಳನ್ನು ಉಳಿಸಿಕೊಳ್ಳಬಹುದು. ಖರ್ಚು ಬೇಡ ಅನ್ನುವವರು ಬ್ಲಾಗರ್ ಅಥವಾ ವರ್ಡ್‌ಪ್ರೆಸ್‌ನ ಉಚಿತ ಜಾಗದಲ್ಲಿ ಆರಂಭಿಸಬಹುದು. 1999ರಲ್ಲಿ ಹುಟ್ಟಿದ ಬ್ಲಾಗರ್, 2003ರಲ್ಲಿ ಬಂದ ವರ್ಡ್‌ಪ್ರೆಸ್ ಎರಡೂ ಇಷ್ಟು ಕಾಲ ಬಾಳಿವೆ, ಎರಡರಿಂದಲೂ ಬರಹಗಳನ್ನು ಒಟ್ಟಾಗಿ ಇಳಿಸಿಕೊಳ್ಳಬಹುದು. ಯಾವುದನ್ನು ಆರಿಸಲಿ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವವರನ್ನು ನೋಡಿದ್ದೇನೆ. ಆ ಸಮಯದಲ್ಲಿ ನಾಲ್ಕು ಲೇಖನ ಬರೆಯಬಹುದಿತ್ತು. ಬಣ್ಣ, ವಿನ್ಯಾಸ, ಲೋಗೋ ಎಲ್ಲ ಆಮೇಲೆ ನೋಡಿಕೊಳ್ಳಬಹುದಾದವು.

ಅಕ್ಷರದ ವಿಷಯದಲ್ಲಿ ಮಾತ್ರ ಮೊದಲ ದಿನದಿಂದಲೇ ಎಚ್ಚರ ಬೇಕು. ಕನ್ನಡಕ್ಕೆ ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಆದರೂ ಕಚೇರಿ, ಮುದ್ರಣಾಲಯಗಳಲ್ಲಿ ಹಳೆಯ ನುಡಿ, ಬರಹ ಫಾಂಟುಗಳ ಕಡತಗಳು ಇನ್ನೂ ಓಡಾಡುತ್ತಿವೆ. ಅಂಥ ಕಡತದಿಂದ ನಕಲು ಮಾಡಿ ಬ್ಲಾಗಿಗೆ ಅಂಟಿಸಿದರೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕಂಪ್ಯೂಟರಿನ ಒಳಗೆ ಅದು ಕನ್ನಡವೇ ಅಲ್ಲ, ಕನ್ನಡದಂತೆ ಕಾಣುವ ಚಿತ್ರ ತೊಡಿಸಿದ ಇಂಗ್ಲಿಷ್ ಅಕ್ಷರ. ಹುಡುಕುವವರಿಗೆ ಅದು ಸಿಗುವುದಿಲ್ಲ. ಹಳೆಯ ಬರಹಗಳಿದ್ದರೆ ಪರಿವರ್ತಕ ತಂತ್ರಾಂಶದಲ್ಲಿ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ. ಬರಹವನ್ನು ಬಣ್ಣದ ಹಿನ್ನೆಲೆಯ ಮೇಲೆ ಕೂರಿಸಿ ಚಿತ್ರವಾಗಿ ಹಾಕುವ ಅಭ್ಯಾಸವನ್ನೂ ಬಿಡಬೇಕು. ದೃಷ್ಟಿದೋಷ ಇರುವವರು ಬಳಸುವ ಓದುವ ತಂತ್ರಾಂಶಗಳಿಗೂ ಅಕ್ಷರವಾಗಿ ಇರುವುದೇ ಬೇಕು. ಟೈಪಿಂಗ್ ಕಷ್ಟ ಅನ್ನುವ ಹಿರಿಯರಿಗೆ ಮೊಬೈಲಿನ ಜಿಬೋರ್ಡ್ ಇದೆ, 2017ರಿಂದ ಅದು ಕನ್ನಡದಲ್ಲಿ ಮಾತಾಡಿದ್ದನ್ನು ಬರೆದುಕೊಡುತ್ತದೆ. ಅದು ಮಾಡುವ ತಪ್ಪುಗಳನ್ನು ತಿದ್ದಲು ಮನೆಯ ಮಕ್ಕಳು ಜೊತೆಗೂಡಿದರೆ ಅಜ್ಜಿಯ ಸೂಲಗಿತ್ತಿ ದಿನಗಳ ಅನುಭವ, ಅಜ್ಜನ ಎತ್ತಿನ ಗಾಡಿಯ ದಿನಗಳು ಬರಹವಾಗಿ ಉಳಿಯುತ್ತವೆ.

ಶೀರ್ಷಿಕೆ ಕೊಡುವಾಗ ನಾವು ಕಾವ್ಯಮಯವಾಗಿಬಿಡುತ್ತೇವೆ. ‘ಹಸಿರ ಮಡಿಲಲ್ಲಿ ಒಂದು ದಿನ’ ಎಂದಿಟ್ಟರೆ ಅದು ಕುದುರೆಮುಖವೋ ಕೊಡಚಾದ್ರಿಯೋ ಓದುಗನಿಗೂ ತಿಳಿಯದು, ಗೂಗಲ್‌ಗೂ ತಿಳಿಯದು. ಊರಿನ ಹೆಸರು, ತಾಲ್ಲೂಕು, ತಿಂಗಳು, ವಸ್ತುವಿನ ಹೆಸರು ಶೀರ್ಷಿಕೆಯಲ್ಲೋ ಮೊದಲ ಪ್ಯಾರಾದಲ್ಲೋ ಬರಲಿ. ಒಂದೇ ಗಿಡಕ್ಕೆ ನಮ್ಮಲ್ಲಿ ಊರಿಗೊಂದು ಹೆಸರು. ಬಯಲುಸೀಮೆಯವರು ಒಂದೆಲಗ ಎಂದು ಹುಡುಕಿದರೆ ಮಂಗಳೂರಿನವರು ತಿಮರೆ ಎಂದು ಹುಡುಕುತ್ತಾರೆ. ಸಸ್ಯಶಾಸ್ತ್ರ ಓದಿದವರಿಗೆ ಅದು ಸೆಂಟೆಲ್ಲಾ ಏಷಿಯಾಟಿಕಾ. ತಂಬುಳಿ ಮಾಡುವ ವಿಧಾನ ಬರೆಯುವಾಗ ಈ ಮೂರೂ ಹೆಸರು ಇದ್ದರೆ ಮೂರೂ ಕಡೆಯವರು ಬಂದು ಮುಟ್ಟುತ್ತಾರೆ. ಫೋಟೋದ ಕೆಳಗೆ ಎಲ್ಲಿ, ಯಾವಾಗ ತೆಗೆದದ್ದು ಎಂಬ ಒಂದು ಸಾಲು ಇರಲಿ. ಐವತ್ತು ವರ್ಷ ಹಿಂದಿನ ಜಾತ್ರೆಯ ಫೋಟೋ ಸಿಕ್ಕಾಗ, ಹಿಂಬದಿಯಲ್ಲಿ ಇಸವಿ ಬರೆದಿಲ್ಲವಲ್ಲ ಎಂದು ನಾವು ಎಷ್ಟು ಪೇಚಾಡುತ್ತೇವೆ!

ಬ್ಲಾಗಿನ ಭಾಷೆ ಹೇಗಿರಬೇಕು? ನಿಮ್ಮ ಊರಿನ ಕನ್ನಡ ಹೇಗಿದೆಯೋ ಹಾಗೆ. ಕಲಬುರಗಿಯ ರೊಟ್ಟಿ ಬಡಿಯುವ ಬಗ್ಗೆ ಬರೆಯುವವರು ಪಠ್ಯಪುಸ್ತಕದ ಕನ್ನಡಕ್ಕೆ ಹೆಣಗಾಡಬೇಕಿಲ್ಲ. ಸಂಪಾದಕರಿಲ್ಲದ ಈ ಜಾಗದಲ್ಲಿ ಸಿಗುವ ದೊಡ್ಡ ಸ್ವಾತಂತ್ರ್ಯ ಅದು. ಸಂಪಾದಕರಿಲ್ಲ ಎಂದ ಮೇಲೆ ಸಂಪಾದಕರ ಕೆಲಸವೂ ನಿಮ್ಮದೇ. ಬರೆದದ್ದನ್ನು ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಗಟ್ಟಿಯಾಗಿ ಓದಿ, ನಾಲಿಗೆ ತೊಡರುವ ವಾಕ್ಯವನ್ನು ಒಡೆಯಿರಿ. ಹೆಸರು, ಇಸವಿ, ಅಳತೆಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ತಪ್ಪೆಂದು ಓದುಗರು ತೋರಿಸಿದರೆ ಸದ್ದಿಲ್ಲದೆ ಅಳಿಸುವುದಕ್ಕಿಂತ ‘ಇಂಥ ದಿನ ತಿದ್ದಲಾಗಿದೆ’ ಎಂದು ಕೆಳಗೆ ಸೇರಿಸುವುದು ನಂಬಿಕೆ ಬೆಳೆಸುತ್ತದೆ.

ಶುರುವಿನ ಉತ್ಸಾಹದಲ್ಲಿ ದಿನಕ್ಕೊಂದು ಬರೆದು ಎರಡನೇ ತಿಂಗಳಿಗೆ ನಿಂತುಹೋದ ಕನ್ನಡ ಬ್ಲಾಗುಗಳು ಲೆಕ್ಕವಿಲ್ಲದಷ್ಟಿವೆ. ಲೋಕಕ್ಕೆ ಹೇಳುವ ಮೊದಲು ಐದಾರು ಬರಹ ಮುಗಿಸಿ ಕೈಯಲ್ಲಿಟ್ಟುಕೊಳ್ಳಿ ಎಂದು ನಾನು ಒತ್ತಾಯಿಸುವುದು ಇದಕ್ಕೇ. ಮೊದಲೆರಡು ಬರಹ ಎಲ್ಲರಲ್ಲೂ ಇರುತ್ತವೆ. ನಾಲ್ಕನೆಯದಕ್ಕೆ ಕೂತಾಗ ಈ ವಿಷಯ ನಿಜಕ್ಕೂ ನಿಮ್ಮದೇ ಅಲ್ಲವೇ ಎಂಬುದು ಗೊತ್ತಾಗುತ್ತದೆ. ಆಮೇಲೆ ತಿಂಗಳಿಗೆ ಒಂದಾದರೂ ಸಾಕು. ಓದಿದವರ ಸಂಖ್ಯೆ ತೋರಿಸುವ ಪುಟವನ್ನು ದಿನಾ ತೆರೆಯುವ ಅಗತ್ಯವಿಲ್ಲ. ಕೊಳೆರೋಗದ ಬರಹವನ್ನು ಜನವರಿಯಲ್ಲಿ ಯಾರೂ ಓದುವುದಿಲ್ಲ, ಜೂನ್ ಬಂದಾಗ ಅದರ ಕಾಲ ಬರುತ್ತದೆ, ಪ್ರತಿ ವರ್ಷ ಬರುತ್ತದೆ. ಜಾಹೀರಾತಿನ ಹಣವನ್ನು ಮಾತ್ರ ನೆಚ್ಚಿಕೊಳ್ಳಬೇಡಿ.

ಕಾನೂನಿನ ಎರಡು ಮಾತು. ಗೂಗಲ್‌ನಲ್ಲಿ ಸಿಕ್ಕ ಫೋಟೋ ಯಾರದೋ ಸೊತ್ತು, ಕೇಳದೆ ಹಾಕಬಾರದು. ನಮ್ಮ ದೇಶದಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಕೃತಿಗಳು ಈಗ ಎಲ್ಲರವು, 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಇದೆ. ಬ್ಲಾಗಿನಲ್ಲಿ ಬರೆದದ್ದಕ್ಕೂ ಮಾನಹಾನಿಯ ಕಾನೂನು ಅನ್ವಯಿಸುತ್ತದೆ, ಹಾಗಾಗಿ ಯಾರ ಮೇಲಾದರೂ ಆರೋಪ ಮಾಡುವ ಮುಂಚೆ ದಾಖಲೆ ಕೈಯಲ್ಲಿರಲಿ.

ಕನ್ನಡ ಅಂತರ್ಜಾಲದ ಚರಿತ್ರೆ ಚಿಕ್ಕದೇನಲ್ಲ. ಯು.ಬಿ. ಪವನಜ 1996ರಲ್ಲೇ ‘ವಿಶ್ವಕನ್ನಡ’ ಜಾಲತಾಣ ಶುರು ಮಾಡಿದರು. 2005ರಲ್ಲಿ ಬಂದ ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’ ಜಾಲತಾಣದಲ್ಲಿ ಎಷ್ಟೋ ಜನ ಮೊದಲ ಸಲ ಕನ್ನಡದಲ್ಲಿ ಬರೆದರು, ಅವರಲ್ಲಿ ಊರು ಬಿಟ್ಟು ದೂರದ ದೇಶಗಳಲ್ಲಿದ್ದವರೂ ಇದ್ದರು. ಒಬ್ಬರೇ ಕೂತು ಕಟ್ಟಿದ ಜಾಗಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಮಂಗಳೂರಿನ ಜಿ.ಎನ್. ಅಶೋಕವರ್ಧನರದು. 1975ರಿಂದ ನಡೆಸಿದ ಅತ್ರಿ ಬುಕ್ ಸೆಂಟರನ್ನು ಅವರು 2012ರಲ್ಲಿ ಮುಚ್ಚಿದರು. ಅದೇ ಹೆಸರಿನ ಜಾಲತಾಣದಲ್ಲಿ ಪುಸ್ತಕ ವ್ಯಾಪಾರದ ನೆನಪು, ಚಾರಣ, ಸೈಕಲ್ ಸವಾರಿ, ಯಕ್ಷಗಾನ, ಬಿಸಿಲೆಯ ಕಾಡು ಎಲ್ಲ ವಿಸ್ತಾರವಾಗಿ ಬಂದವು. ಅವಸರವಿಲ್ಲದ ಉದ್ದನೆಯ ಬರಹಗಳು, ಜಾಗದ ಹೆಸರು ದಾರಿ ಸಮೇತ. ಉದ್ದ ಬರೆದರೆ ಯಾರೂ ಓದುವುದಿಲ್ಲ ಎಂಬ ಮಾತು ಕೇಳಿ ಹಿಂಜರಿಯುವವರು ಅಲ್ಲಿ ಸ್ವಲ್ಪ ಹೊತ್ತು ಕಳೆಯಬೇಕು.

ಎಐ ಎಲ್ಲವನ್ನೂ ಬರೆದುಕೊಡುವ ಕಾಲದಲ್ಲಿ ಬ್ಲಾಗ್ ಯಾಕೆ ಎಂದೂ ಕೇಳುತ್ತಾರೆ. ಎಲ್ಲ ಕಡೆ ಸಿಗುವ ಮಾಹಿತಿಯನ್ನು ಇನ್ನೊಮ್ಮೆ ಬರೆಯುವ ಯೋಚನೆ ಇದ್ದರೆ ನಿಜಕ್ಕೂ ಬೇಕಿಲ್ಲ. ನಿಮ್ಮ ಬಾವಿಯ ನೀರು ಈ ಏಪ್ರಿಲ್‌ನಲ್ಲಿ ಎಷ್ಟು ಅಡಿಗೆ ಇಳಿಯಿತು, ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಹೆಸರು ಬರೆಸುವಾಗ ಯಾವ ಯಾವ ಕಾಗದ ಕೇಳಿದರು, ಕುಂದಾಪುರದ ನಿಮ್ಮ ಮನೆಯಲ್ಲಿ ಹಲಸಿನ ಹಪ್ಪಳಕ್ಕೆ ಹಲಸನ್ನು ಯಾವ ಹದದಲ್ಲಿ ಕೊಯ್ಯುತ್ತಾರೆ ಎಂಬುದು ನೀವು ಬರೆಯುವವರೆಗೂ ಯಾವ ಯಂತ್ರಕ್ಕೂ ಗೊತ್ತಿರುವುದಿಲ್ಲ. ಇಂಗ್ಲಿಷಿನಲ್ಲಿ ಇಂಥವನ್ನು ಬರೆದಿಟ್ಟವರು ಬಹಳ ಮಂದಿ ಇದ್ದಾರೆ. ಕನ್ನಡದಲ್ಲಿ ಬರೆಯಬೇಕಾದವರು ನಾವೇ.

ಕೊನೆಯ ವಿಷಯ ಕಾಪಿಡುವುದು. ಮೂರು ತಿಂಗಳಿಗೊಮ್ಮೆ ಇಡೀ ಬ್ಲಾಗನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿಡಿ. ವರ್ಡ್‌ಪ್ರೆಸ್‌ನಲ್ಲಿ ಎಕ್ಸ್‌ಪೋರ್ಟ್ ಇದೆ, ಬ್ಲಾಗರ್‌ನವರಿಗೆ ಗೂಗಲ್ ಟೇಕ್‌ಔಟ್ ಇದೆ. ಮುಖ್ಯವೆನಿಸಿದ ಬರಹಗಳ ಕೊಂಡಿಯನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ಗೆ ಕೊಟ್ಟರೆ ಅಲ್ಲೊಂದು ಪ್ರತಿ ಉಳಿಯುತ್ತದೆ, ಅದಕ್ಕೆ ಹಣವಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಖಾತೆ ನಿಷ್ಕ್ರಿಯವಾದರೆ ಯಾರಿಗೆ ತಿಳಿಸಬೇಕೆಂದು ಅದರಲ್ಲೇ ಹೆಸರು ಸೂಚಿಸಬಹುದು, ಇವತ್ತೇ ಸೂಚಿಸಿ. ಮನೆಯಲ್ಲಿ ಒಬ್ಬರಿಗಾದರೂ ಪಾಸ್‌ವರ್ಡ್ ಎಲ್ಲಿದೆ ಎಂಬುದು ಗೊತ್ತಿರಲಿ. ಡೊಮೈನ್ ಎಲ್ಲಿ ಕೊಂಡದ್ದು, ನವೀಕರಣದ ತಾರೀಖು ಯಾವುದು, ಅದರ ಇಮೇಲ್ ಯಾವ ವಿಳಾಸಕ್ಕೆ ಬರುತ್ತದೆ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದಿಡಿ.