ಗಾಜಿನ ಕಡಲಿನಲ್ಲಿ ತಟ್ಟೆ ಹವಳ

ಹವಳವೆಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಕರಿಮಣಿಯ ನಡುವೆ ಪೋಣಿಸಿದ ಕೆಂಪು ಮಣಿ. ನವರತ್ನಗಳ ಸಾಲಿನಲ್ಲಿ ಅದಕ್ಕೊಂದು ಸ್ಥಾನವುಂಟು. ಚೆಲುವೆಯರ ತುಟಿಯ ಬಣ್ಣಕ್ಕೆ ಕವಿಗಳು ಅದನ್ನು ಉಪಮಾನವಾಗಿ ತಂದದ್ದೂ ಉಂಟು. ಆದರೆ ಆಭರಣವಾಗುವ ಆ ಕೆಂಪು ಹವಳಕ್ಕೂ ಉಷ್ಣವಲಯದ ಕಡಲುಗಳಲ್ಲಿ ದಿಬ್ಬಗಳನ್ನು ಕಟ್ಟುವ ಕಲ್ಲುಹವಳಗಳಿಗೂ ಇರುವುದು ದೂರದ ನೆಂಟಸ್ತಿಕೆ ಮಾತ್ರ. ಈ ಕಲ್ಲುಹವಳಗಳಲ್ಲಿ ಕೆಲವು ಗುಂಡಾಗಿ, ಕೆಲವು ಜಿಂಕೆಯ ಕೊಂಬಿನಂತೆ ಕವಲೊಡೆದು, ಮತ್ತೆ ಕೆಲವು ತಟ್ಟೆಯಂತೆ ಹರಡಿ ಬೆಳೆಯುತ್ತವೆ. ತಟ್ಟೆಯಂತೆ ಹರಡುವ ಈ ಮೂರನೆಯ ಬಗೆಯೇ ಈ ಲೇಖನದ ವಸ್ತು.

ಅಮೆರಿಕ, ಯುರೋಪು, ಜಪಾನು ಮೊದಲಾದ ಕಡೆಗಳಲ್ಲಿ ಇಂಥ ಹವಳಗಳನ್ನು ನಡುಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವವರು ಬಹಳ ಮಂದಿ ಇದ್ದಾರೆ. ಇಂಡೋನೇಷ್ಯದ ಲೀ ಚಿನ್ ಎಂಗ್ ಎಂಬವರು ಜೀವಿಗಳು ನೆಲೆಸಿದ ಸಮುದ್ರದ ಕಲ್ಲುಗಳನ್ನೇ ತೊಟ್ಟಿಯಲ್ಲಿಟ್ಟು, ಬಿಸಿಲು ಮತ್ತು ಗಾಳಿಗುಳ್ಳೆಗಳ ನೆರವಿನಿಂದ ಕಡಲ ಜೀವಿಗಳನ್ನು ಬದುಕಿಸಿದ ಬಗೆಯನ್ನು 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದರು. ಅಲ್ಲಿಂದೀಚೆಗೆ ವಿದ್ಯುದ್ದೀಪ, ಪಂಪು, ರಾಸಾಯನಿಕ ಪರೀಕ್ಷೆಗಳ ಬಲದಿಂದ ಈ ಹವ್ಯಾಸ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಹವಳವನ್ನು ಬದುಕಿಸುವುದು ಹೇಗೆಂಬ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ದೊರೆತಿದೆ. ಈಗ ಕಾಡುವ ಪ್ರಶ್ನೆ ಬೇರೆ: ಚೆನ್ನಾಗಿ ಬದುಕಿ, ಮಿತಿಮೀರಿ ಬೆಳೆಯುವ ಹವಳಕ್ಕೆ ಜಾಗ ಎಲ್ಲಿ?

ತಟ್ಟೆಯ ರೂಪವೇಕೆ?

ಹವಳ ಪ್ರಾಣಿ, ಗಿಡವಲ್ಲ, ಕಲ್ಲೂ ಅಲ್ಲ. ಪಾಲಿಪ್ ಎಂಬ ಪುಟ್ಟ ಜೀವಿಗಳು ಒಂದಕ್ಕೊಂದು ಅಂಟಿಕೊಂಡು, ತಮ್ಮ ಅಡಿಯಲ್ಲಿ ಸುಣ್ಣದ ಪೀಠವನ್ನು ಕಟ್ಟುತ್ತ ಹೋಗುತ್ತವೆ. ಅವುಗಳ ಮೈಯೊಳಗೆ ಏಕಕೋಶದ ಪಾಚಿಗಳು ಒಕ್ಕಲಾಗಿವೆ. ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದರ ಹೆಚ್ಚಿನ ಪಾಲನ್ನು ಒಡೆಯನಿಗೆ ಕೊಡುತ್ತದೆ. ಒಡೆಯ ಅದಕ್ಕೆ ಆಶ್ರಯವನ್ನೂ ತನ್ನ ಮೈಯ ತ್ಯಾಜ್ಯವನ್ನೇ ಗೊಬ್ಬರವಾಗಿಯೂ ಒದಗಿಸುತ್ತಾನೆ. ಆದಕಾರಣ ಪ್ರಾಣಿಯಾಗಿದ್ದರೂ ಹವಳಕ್ಕೆ ಗಿಡದಂತೆ ಬಿಸಿಲಿನ ಹಂಬಲ.

ಅಡಿಕೆ ತೋಟದ ನೆರಳಿನಲ್ಲಿ ಕೆಸುವು ಎಷ್ಟು ಅಗಲವಾದ ಎಲೆಯನ್ನು ಬಿಚ್ಚುತ್ತದೆಂಬುದನ್ನು ಮಲೆನಾಡಿನವರು ಬಲ್ಲರು. ತೂರಿ ಬರುವ ಅಷ್ಟಿಷ್ಟು ಬೆಳಕನ್ನು ಹಿಡಿಯಲು ಅದು ಕಂಡುಕೊಂಡ ಉಪಾಯವದು. ಕಡಲಿನಲ್ಲಿಯೂ ಆಳಕ್ಕೆ ಹೋದಂತೆ ಬೆಳಕು ಕುಂದುತ್ತದೆ. ಮೇಲೆ ಗುಂಡಾಗಿ ಬೆಳೆಯುವ ಕೆಲವು ಹವಳಗಳು ಕೂಡ ಆಳದಲ್ಲಿ ಚಪ್ಪಟೆಯಾಗುತ್ತವೆ. ಕಡಿಮೆ ಸುಣ್ಣದ ಖರ್ಚಿನಲ್ಲಿ ಹೆಚ್ಚು ಬೆಳಕನ್ನು ಹಿಡಿಯುವ ರಚನೆಯೆಂದರೆ ತೆಳುವಾದ ತಟ್ಟೆಯೇ.

ಮನೆತೊಟ್ಟಿಗಳಲ್ಲಿ ಹೆಸರಾದ ತಟ್ಟೆ ಹವಳ ಮಾಂಟಿಪೋರ ಕ್ಯಾಪ್ರಿಕಾರ್ನಿಸ್. ಆಸ್ಟ್ರೇಲಿಯದ ಹವಳತಜ್ಞ ವೆರಾನ್ ಅವರು 1985ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಇದು ಎಲೆಕೋಸಿನ ಹೊರಪದರಗಳಂತೆ, ಕೆಲವೊಮ್ಮೆ ಹೂದಾನಿಯಂತೆ ಸುರುಳಿಸುರುಳಿಯಾಗಿ ಅರಳುತ್ತದೆ. ಕೆಂಪು, ಹಸಿರು, ನೇರಿಳೆ ಬಣ್ಣಗಳ ತಟ್ಟೆಯ ಸುತ್ತ ತೆಳುಬಣ್ಣದ ಅಂಚೊಂದು ಕಾಣುತ್ತದೆ. ಹೊಸ ಬೆಳವಣಿಗೆ ನಡೆಯುವುದು ಅಲ್ಲಿಯೇ. ಗುಂಡಾಗಿ ಬೆಳೆಯುವ ಪೊರೈಟಿಸ್ ಹವಳ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಬೆಳೆದರೆ, ತಟ್ಟೆ ಹವಳ ಅದರ ಹಲವು ಪಟ್ಟು ವೇಗದಲ್ಲಿ ಹರಡಬಲ್ಲದು. ತಂದಾಗ ರೂಪಾಯಿಯ ಗಾತ್ರದ ಚೂರು. ಕೆಲವು ವರ್ಷಗಳಲ್ಲಿ ಊಟದ ತಟ್ಟೆ.

ನೆರಳಿನ ಸಮರ

ಕದಲಲಾರದ ಜೀವಿಗಳ ನಡುವೆ ಜಗಳವಿಲ್ಲವೆಂದು ಭಾವಿಸುವುದು ತಪ್ಪು. ಜೂಡಿತ್ ಲಾಂಗ್ ಎಂಬ ವಿಜ್ಞಾನಿ ಜಮೈಕದ ದಿಬ್ಬಗಳನ್ನು ಅಭ್ಯಸಿಸಿ, ನಿಧಾನವಾಗಿ ಬೆಳೆಯುವ ಕೆಲವು ಹವಳಗಳು ತಮ್ಮ ಜೀರ್ಣತಂತುಗಳನ್ನು ಹೊರಚಾಚಿ ನೆರೆಯ ಹವಳದ ಮೈಯನ್ನೇ ಕರಗಿಸುತ್ತವೆಂಬುದನ್ನು 1970ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಗ್ಯಾಲಾಕ್ಸಿಯ ಎಂಬ ಹವಳಕ್ಕೆ ಕುಟುಕುವ ಉದ್ದನೆಯ ಎಳೆಗಳಿದ್ದು, ಅವು ಗೇಣುದ್ದದವರೆಗೂ ಚಾಚಬಲ್ಲವು. ತಟ್ಟೆ ಮಾಂಟಿಪೋರಕ್ಕೆ ಇಂಥ ಆಯುಧಬಲ ಕಡಿಮೆ; ಮುಟ್ಟಿ ಕಾದಾಡಿದರೆ ಅದು ಹೆಚ್ಚಾಗಿ ಸೋಲುತ್ತದೆ. ಅದರ ಬಲವೆಲ್ಲ ವೇಗದಲ್ಲಿದೆ. ಅದು ನೆರೆಯವನನ್ನು ಮುಟ್ಟದೆ ಅವನ ತಲೆಯ ಮೇಲೆ ಚಪ್ಪರದಂತೆ ಹಬ್ಬಿ ಬಿಸಿಲನ್ನು ಕಸಿದುಕೊಳ್ಳುತ್ತದೆ. ಕೆಳಗಿನವನು ಗಾಯವಿಲ್ಲದೆಯೇ ಸೊರಗುತ್ತಾನೆ.

ಹಾಗಾದರೆ ಕಡಲನ್ನೆಲ್ಲ ಇಂಥ ಹವಳಗಳೇ ಏಕೆ ಆಕ್ರಮಿಸಿಲ್ಲ? ಅಮೆರಿಕದ ಜೋಸೆಫ್ ಕಾನೆಲ್ ಆಸ್ಟ್ರೇಲಿಯದ ಹೆರಾನ್ ದ್ವೀಪದಲ್ಲಿ 1960ರ ದಶಕದ ಮೊದಲಿನಿಂದ ಕೆಲವು ತುಂಡು ಜಾಗಗಳನ್ನು ಗುರುತಿಸಿ, ಅವುಗಳಲ್ಲಿ ಹವಳಗಳ ಏಳುಬೀಳನ್ನು ದಶಕಗಳ ಕಾಲ ಗಮನಿಸಿದರು. 1978ರಲ್ಲಿ ಅವರು ಮಂಡಿಸಿದ ವಿಚಾರ ಜೀವಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಚಂಡಮಾರುತವೇ ತಾಗದ ಕಡೆ ಬಲಿಷ್ಠವಾದ ಕೆಲವೇ ಜಾತಿಗಳು ಉಳಿದವನ್ನು ಅದುಮಿಬಿಡುತ್ತವೆ. ಪದೇ ಪದೇ ತಾಗುವ ಕಡೆ ಯಾವುದೂ ನೆಲೆಗೊಳ್ಳುವುದಿಲ್ಲ. ಆಗಾಗ ತಾಗಿ, ನಡುವೆ ಚೇತರಿಕೆಗೆ ಬಿಡುವು ಸಿಗುವ ಕಡೆಯಲ್ಲೇ ವೈವಿಧ್ಯ ಹೆಚ್ಚು. ಅಲೆಯ ಹೊಡೆತಕ್ಕೆ ತೆಳುವಾದ ತಟ್ಟೆಗಳೂ ಕೊಂಬೆಗಳೂ ಬೇಗ ಮುರಿಯುತ್ತವೆ. ಆಗ ಬಯಲಾದ ಜಾಗಕ್ಕೆ ಬಿಸಿಲು ಬೀಳುತ್ತದೆ, ಅಡಗಿದ್ದವು ತಲೆಯೆತ್ತುತ್ತವೆ. ಇಂದಿನ ವಿದ್ವಾಂಸರು ಈ ವಾದಕ್ಕೆ ಹಲವು ತಿದ್ದುಪಡಿಗಳನ್ನು ಸೂಚಿಸಿದ್ದಾರೆ. ಆದರೂ ಕಡಲಿನ ನ್ಯಾಯದಲ್ಲಿ ಬಿರುಗಾಳಿಗೂ ಒಂದು ಪಾಲಿದೆಯೆಂಬ ಅದರ ತಿರುಳು ಉಳಿದಿದೆ.

ಬಿರುಗಾಳಿ ಇಲ್ಲದ ಕಡಲು

ಗಾಜಿನ ತೊಟ್ಟಿಯಲ್ಲಿ ಬಿರುಗಾಳಿ ಏಳುವುದಿಲ್ಲ. ಅಲ್ಲಿ ಬೆಳಕು ಹೊತ್ತಿಗೆ ಸರಿಯಾಗಿ ಬೆಳಗುತ್ತದೆ, ನೀರು ಹಿತವಾಗಿ ಸುಳಿದಾಡುತ್ತದೆ, ಶಾಖ ಸುಮಾರು 25 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಲ್ಲರಿಗೂ ಸುಖವಾಗಿರಲೆಂದು ಮಾಡಿದ ಈ ಏರ್ಪಾಡು ಕೊನೆಗೆ ಎಲ್ಲರಿಗಿಂತ ಬೇಗ ಬೆಳೆಯುವವನ ಸಾಮ್ರಾಜ್ಯವಾಗುತ್ತದೆ. ಬಿರುಗಾಳಿ ಮಾಡಬೇಕಾದ ಕೆಲಸವನ್ನು ಇಲ್ಲಿ ಸಾಕುವವನ ಕೈಯೇ ಮಾಡಬೇಕು. ಆ ಕೆಲಸದ ಮೊದಲ ಹೆಜ್ಜೆಯೇ ಸ್ಥಳದ ಆಯ್ಕೆ.

ಹೊಸಬರು ಸಾಮಾನ್ಯವಾಗಿ ಚೂರನ್ನು ಅದು ಇಂದು ಚೆನ್ನಾಗಿ ಕಾಣುವ ಕಡೆ ಇಡುತ್ತಾರೆ: ಬಂಡೆಯ ನೆತ್ತಿಯಲ್ಲಿ, ದೀಪದ ನೇರ ಕೆಳಗೆ. ಆಲದ ಸಸಿಯನ್ನು ಬಾವಿಕಟ್ಟೆಯ ಪಕ್ಕದಲ್ಲಿ ನೆಟ್ಟಂತೆ ಇದು. ನೋಡಬೇಕಾದದ್ದು ಇಂದಿನ ಚೂರನ್ನಲ್ಲ, ಮೂರು ವರ್ಷಗಳ ಅನಂತರದ ತಟ್ಟೆಯನ್ನು. ನೆತ್ತಿಯಲ್ಲಿಟ್ಟರೆ ಅದರ ನೆರಳು ತೊಟ್ಟಿಯ ಅರ್ಧಕ್ಕೆ ಬೀಳುತ್ತದೆ. ಅದಕ್ಕೆ ಅತಿ ತೀಕ್ಷ್ಣವಾದ ಬೆಳಕು ಬೇಕಾಗಿಯೂ ಇಲ್ಲ. ಆದ್ದರಿಂದ ತೊಟ್ಟಿಯ ಮಧ್ಯಮ ಎತ್ತರದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ, ಬಂಡೆಯ ಪಕ್ಕದಿಂದ ಬಯಲಿನತ್ತ ಹರಡುವಂತೆ ಇಡುವುದು ಲೇಸು. ತಟ್ಟೆಯ ಅಡಿಯ ನೆರಳನ್ನು ವ್ಯರ್ಥವೆಂದು ಬಗೆಯಬೇಕಾಗಿಲ್ಲ. ಮಂದ ಬೆಳಕನ್ನೇ ಬಯಸುವ ಅಣಬೆಹವಳಗಳನ್ನು ಅಲ್ಲಿ ನೆಲೆಗೊಳಿಸಬಹುದು, ಮೀನುಗಳಿಗೂ ಅದು ಮರೆಯಾಗುತ್ತದೆ.

ಗಾಜಿನಿಂದಲೂ ಒಂದು ಗೇಣಿನಷ್ಟು ದೂರವಿರಬೇಕು. ಗಾಜನ್ನು ತಲಪಿದ ಹವಳ ಅದಕ್ಕೆ ಅಂಟಿಕೊಂಡು ಬೆಳೆಯತೊಡಗಿದರೆ ಗಾಜನ್ನು ಒರೆಸುವುದು ಕಷ್ಟವಾಗುತ್ತದೆ. ಗ್ಯಾಲಾಕ್ಸಿಯದಂಥ ಕುಟುಕುವ ನೆರೆಯವರಿಂದ ಇನ್ನೂ ಹೆಚ್ಚಿನ ಅಂತರ ಬೇಕು. ಹೂದಾನಿಯಂತೆ ಬೆಳೆಯುವ ತಟ್ಟೆಯ ನಡುವೆ ಕಸ ಕೂರುತ್ತದೆ. ಕಸ ಕೂತಲ್ಲಿ ಜೀವಕಣ ಸಾಯುತ್ತದೆ. ಆದಕಾರಣ ಚೂರನ್ನು ಕೊಂಚ ಓರೆಯಾಗಿ, ನೀರಿನ ಸುಳಿ ತಾಗುವಂತೆ ನಿಲ್ಲಿಸುವುದು ಒಳ್ಳೆಯದು. ತಟ್ಟೆ ದೊಡ್ಡದಾದಂತೆ ತಾನೇ ಗೋಡೆಯಾಗಿ ನೀರಿನ ಹರಿವನ್ನು ತಡೆಯುತ್ತದೆ ಎಂಬುದನ್ನೂ ಮರೆಯಬಾರದು. ಮೊದಲ ವರ್ಷ ಸರಿಯಾಗಿದ್ದ ಪಂಪಿನ ಜಾಗ ಮೂರನೆಯ ವರ್ಷ ಸರಿಯಾಗಿರಲಾರದು. ಅನುಭವಿಗಳು ಇಂಥ ಹವಳವನ್ನು ಮುಖ್ಯ ಬಂಡೆಗೆ ಅಂಟಿಸದೆ ಬಿಡಿಗಲ್ಲೊಂದಕ್ಕೆ ಅಂಟಿಸುತ್ತಾರೆ. ಹಾಗೆ ಮಾಡಿದರೆ ಬೇಕಾದಾಗ ಕಲ್ಲಿನೊಡನೆ ಎತ್ತಿ ಬೇರೆಡೆ ಇಡಬಹುದು.

ಸುಣ್ಣದ ಲೆಕ್ಕವೂ ಇದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 400 ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ವಿಶಾಲವಾದ ತಟ್ಟೆ ತನ್ನ ಪೀಠ ಕಟ್ಟಲು ಅದನ್ನೂ ನೀರಿನ ಕ್ಷಾರತೆಯನ್ನೂ ದಿನದಿನವೂ ಹೀರುತ್ತದೆ. ಕಡಲಿಗೆ ಅದು ಲೆಕ್ಕಕ್ಕಿಲ್ಲ. ತೊಟ್ಟಿಗೆ ಅದೇ ದೊಡ್ಡ ಖರ್ಚು. ಒಡೆಯ ತುಂಬಿಕೊಡದಿದ್ದರೆ ಒಬ್ಬನ ವೈಭವಕ್ಕೆ ನೆರೆಹೊರೆಯವರೆಲ್ಲ ಬಡವಾಗುತ್ತಾರೆ.

ಇಷ್ಟೆಲ್ಲ ಯೋಚಿಸಿ ಇಟ್ಟರೂ ಒಂದು ದಿನ ಕತ್ತರಿ ಹಿಡಿಯಲೇಬೇಕಾಗುತ್ತದೆ. ತೆಳುವಾದ ಅಂಚು ಬೆರಳಿನ ಒತ್ತಡಕ್ಕೇ ಮುರಿಯುತ್ತದೆ. ದಪ್ಪನೆಯ ಭಾಗಕ್ಕೆ ಮೂಳೆ ಕತ್ತರಿಸುವಂಥ ಇಕ್ಕಳ ಬೇಕು. ಮುರಿದ ಚೂರು ಸಾಯುವುದಿಲ್ಲ. ಕಲ್ಲಿಗೆ ಅಂಟಿಸಿದರೆ ಪ್ರತಿಯೊಂದು ಚೂರೂ ಹೊಸ ಹವಳ. ಕಡಲಿನಲ್ಲಿ ಬಿರುಗಾಳಿಗೆ ಮುರಿದ ತುಂಡುಗಳಲ್ಲಿ ಕೆಲವು ಬೇರೆಡೆ ನೆಲೆ ಹಿಡಿಯುವುದೂ ಹೀಗೆಯೇ. ಹವ್ಯಾಸಿಗಳು ಇಂಥ ಚೂರುಗಳನ್ನು ಪರಸ್ಪರ ಹಂಚಿಕೊಳ್ಳುತ್ತಾರೆ. ಮನೆಯಲ್ಲಿ ಬೆಳೆದ ಚೂರು ಕೈಯಿಂದ ಕೈಗೆ ಹೋದಷ್ಟೂ ಕಡಲಿನಿಂದ ಕಿತ್ತು ತರಬೇಕಾದ ಹವಳ ಕಡಿಮೆಯಾಗುತ್ತದೆ. ಕತ್ತರಿಸುವ ಕೈಯೇ ಕಾಯುವ ಕೈಯೂ ಆಗುವುದು ಹೀಗೆ.

ನಮ್ಮ ದೇಶದಲ್ಲಿ ಕಲ್ಲುಹವಳಗಳೆಲ್ಲವೂ 2001ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಮೊದಲ ಅನುಸೂಚಿಗೆ ಸೇರಿದವು. ಮುರುಡೇಶ್ವರದಾಚೆಯ ನೇತ್ರಾಣಿಯ ಸುತ್ತ ಮುಳುಗಿ ನೋಡುವವರು ಹವಳವನ್ನು ಕಣ್ಣಿನಿಂದ ಮಾತ್ರ ಮುಟ್ಟಬೇಕು. ಅದು ಸರಿಯೇ ಆಗಿದೆ. ಏಕೆಂದರೆ ತೊಟ್ಟಿಯಲ್ಲಿ ಸೋಲಿಲ್ಲದ ಸರದಾರರಂತೆ ಮೆರೆಯುವ ಶೀಘ್ರ ಬೆಳವಣಿಗೆಯ ಹವಳಗಳಲ್ಲೇ ಹಲವು ಕಡಲು ಕಾದಾಗ ಮೊದಲು ಮಡಿಯುತ್ತವೆ. 2016ರಲ್ಲಿ ಆಸ್ಟ್ರೇಲಿಯದ ಮಹಾ ಹವಳದಿಬ್ಬ ಬಿಳಿಚಿಕೊಂಡಾಗ ಆಳವಿಲ್ಲದ ನೀರಿನ ಹವಳದಲ್ಲಿ ಶೇಕಡ 30ರಷ್ಟು ಕೆಲವೇ ತಿಂಗಳುಗಳಲ್ಲಿ ನಾಶವಾಯಿತು. ಕೊಂಬೆಯಂಥ ಮತ್ತು ಮೇಜಿನಂಥ ಹವಳಗಳಿಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ಬಿರುಗಾಳಿ ಮುರಿದದ್ದನ್ನು ಕಡಲು ಮತ್ತೆ ಕಟ್ಟಿಕೊಳ್ಳಬಲ್ಲದು, ನಡುವೆ ಬಿಡುವು ಸಿಕ್ಕರೆ. ಈಗ ಕಾಣದಾಗುತ್ತಿರುವುದು ಆ ಬಿಡುವು. ನಾಲ್ಕಡಿ ಗಾಜಿನ ಪೆಟ್ಟಿಗೆಯಲ್ಲಿ ಒಂದು ತಟ್ಟೆಗೆ ಸರಿಯಾದ ಜಾಗ ಹುಡುಕಲು ಇಷ್ಟು ವಿವೇಕ ಬೇಕಾದರೆ, ಗಾಜಿಲ್ಲದ ಆ ದೊಡ್ಡ ಕಡಲಿನಲ್ಲಿ ಅದಕ್ಕೆ ಜಾಗ ಉಳಿಸಲು ಎಷ್ಟು ವಿವೇಕ ಬೇಕೆಂಬುದನ್ನು ಓದುಗರೇ ಊಹಿಸಬಹುದು.